ಶಾಲಾ ಇಂಗ್ಲಿಷಿನಲ್ಲಿ ವ್ಯಾವಹಾರಿಕ ಕಿರುಬರಹದ ಅಭ್ಯಾಸ

ಒಬ್ಬ ನಿರ್ದಿಷ್ಟ ಓದುಗನಿಗೆ ಒಂದು ಸಂಗತಿ ತಿಳಿಸಲು ಅಥವಾ ಅವನಿಂದ ಒಂದು ಕೆಲಸ ಮಾಡಿಸಿಕೊಳ್ಳಲು ಬರೆಯುವ ಚಿಕ್ಕ ಬರಹವೇ ವ್ಯಾವಹಾರಿಕ ಕಿರುಬರಹ. ಲೀವ್ ಲೆಟರ್, ಶಾಲೆಯ ನೋಟಿಸು, ಆಹ್ವಾನ ಮತ್ತು ಅದಕ್ಕೆ ಉತ್ತರ, ಇಮೇಲ್, ದೂರಿನ ಪತ್ರ, ಕೆಲಸಕ್ಕೆ ಅರ್ಜಿ, ಕಳೆದುಹೋದ ವಸ್ತುವಿನ ಬಗೆಗಿನ ಪ್ರಕಟಣೆ, ಪೋಸ್ಟರು, ಗೆಳೆಯನಿಗೆ ಬರೆದಿಡುವ ಚೀಟಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಶಾಲಾ ಇಂಗ್ಲಿಷಿನಲ್ಲಿ ಇವುಗಳ ಅಳತೆ ಸಾಮಾನ್ಯವಾಗಿ 25ರಿಂದ 150 ಪದ. ಪ್ರಬಂಧದ ಬೆಲೆ ಅದರ ವಿಚಾರ ಮತ್ತು ನಿರೂಪಣೆಯಲ್ಲಿದ್ದರೆ ಕಿರುಬರಹದ ಬೆಲೆ ಅದು ಕೆಲಸಕ್ಕೆ ಬಂತೇ ಎಂಬುದರಲ್ಲಿದೆ. ನೋಟಿಸು ಓದಿದವನಿಗೆ ಎಲ್ಲಿಗೆ, ಯಾವಾಗ ಬರಬೇಕೆಂದು ತಿಳಿಯಬೇಕು. ಅರ್ಜಿ ನೋಡಿದ ಅಧಿಕಾರಿ ಮರುಪ್ರಶ್ನೆ ಕೇಳದೆ ಸಹಿ ಹಾಕುವಂತಿರಬೇಕು. ಭಾರತದ ಶಾಲೆಗಳಲ್ಲಿ ಈ ಪ್ರಕಾರಕ್ಕೆ ಪಠ್ಯಕ್ರಮದಲ್ಲೂ ಪರೀಕ್ಷೆಯಲ್ಲೂ ಭದ್ರವಾದ ಜಾಗವಿದೆ. ಆದರೆ ತರಗತಿಯಲ್ಲಿ ಬಹುಮಟ್ಟಿಗೆ ಅಭ್ಯಾಸವಾಗುತ್ತಿರುವುದು ಬರಹದ ಚೌಕಟ್ಟು ಮಾತ್ರ. ಏನನ್ನು ಹೇಳಬೇಕು, ಏನನ್ನು ಬಿಡಬೇಕು, ಯಾರಿಗೆ ಯಾವ ದನಿಯಲ್ಲಿ ಹೇಳಬೇಕು ಎಂಬ ತೀರ್ಮಾನವೇ ಈ ಪ್ರಕಾರದ ತಿರುಳು. ಅಭ್ಯಾಸ ಆ ತೀರ್ಮಾನದ ಸುತ್ತ ನಡೆಯದಿದ್ದರೆ ಮಕ್ಕಳು ವರ್ಷಗಟ್ಟಲೆ ಪತ್ರ ಬರೆದೂ ಪತ್ರ ಬರೆಯಲು ಕಲಿಯುವುದಿಲ್ಲ.

ಸ್ವರೂಪ

ಭಾಷಾವಿಜ್ಞಾನಿ ಮೈಕೆಲ್ ಹ್ಯಾಲಿಡೆ ಯಾವುದೇ ಸನ್ನಿವೇಶದ ಭಾಷೆಯನ್ನು ಮೂರು ಸಂಗತಿಗಳು ರೂಪಿಸುತ್ತವೆ ಎಂದರು: ನಡೆಯುತ್ತಿರುವ ವಿಷಯ, ಮಾತಾಡುವವರ ನಡುವಿನ ಸಂಬಂಧ, ಮಾತು ಸಾಗುವ ಮಾಧ್ಯಮ. ಕಿರುಬರಹದಲ್ಲಿ ಈ ಮೂರೂ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಕೆಲಸ ಮಾಡುತ್ತವೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಜಿಲ್ಲಾ ಮಟ್ಟದ ಕಬಡ್ಡಿ ಪಂದ್ಯಕ್ಕಾಗಿ ಎರಡು ದಿನ ಶಾಲೆ ತಪ್ಪಿಸಬೇಕಾಗಿದೆ ಎಂದುಕೊಳ್ಳೋಣ. ತರಗತಿಯ ಶಿಕ್ಷಕಿಗೆ ಬರೆಯುವಾಗ ತಾರೀಖು, ಕಾರಣ, ತಪ್ಪಿಹೋಗುವ ಕಿರುಪರೀಕ್ಷೆಯನ್ನು ಬಂದಮೇಲೆ ಬರೆಯಲು ಅನುಮತಿ, ಈ ಮೂರು ಬೇಕು. ಗೆಳತಿಗೆ ಬರೆಯುವ ಚೀಟಿಯಲ್ಲಿ ಕಾರಣ ಬೇಕಿಲ್ಲ, ಅವಳಿಗದು ಗೊತ್ತೇ ಇದೆ. ಗಣಿತದ ನೋಟ್ಸ್ ತೆಗೆದಿಡು ಎಂದರೆ ಸಾಕು. ಪಂದ್ಯ ನಡೆಸುವ ಶಾಲೆಯ ದೈಹಿಕ ಶಿಕ್ಷಕರಿಗೆ ಇವೆರಡೂ ಬೇಡ. ತಂಡದಲ್ಲಿ ಎಷ್ಟು ಜನ, ತಲುಪುವುದು ಎಷ್ಟು ಹೊತ್ತಿಗೆ, ರಾತ್ರಿ ಉಳಿಯಲು ವ್ಯವಸ್ಥೆ ಬೇಕೇ ಎಂಬುದು ಅವರಿಗೆ ಮುಖ್ಯ. ಸಂಗತಿ ಒಂದೇ ಆದರೂ ಬರಹ ಮೂರು. ಮೂರರಲ್ಲೂ ಬದಲಾಗುವುದು ಬರೀ ಸಂಬೋಧನೆ, ಸಹಿಗಳಲ್ಲ. ಒಳಗಿನ ಮಾಹಿತಿಯೇ ಬದಲಾಗುತ್ತದೆ. ಚಿಕ್ಕದು ಸುಲಭ ಎಂಬ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ಇನ್ನೂರು ಪದಗಳ ಪ್ರಬಂಧದಲ್ಲಿ ಒಂದು ಸಡಿಲ ವಾಕ್ಯ ಮುಚ್ಚಿಹೋಗುತ್ತದೆ. ಐವತ್ತು ಪದಗಳ ನೋಟಿಸಿನಲ್ಲಿ ಸಮಯ ಬಿಟ್ಟುಹೋದರೆ ಉಳಿದ ನಲವತ್ತೆಂಟು ಪದಗಳೂ ವ್ಯರ್ಥ.

ಈ ಪ್ರಕಾರಕ್ಕೆ ತನ್ನದೇ ಆದ ವ್ಯಾಕರಣವೂ ಇದೆ. ನೋಟಿಸಿನಲ್ಲಿ ಕರ್ಮಣಿ ಪ್ರಯೋಗದ ಭವಿಷ್ಯತ್ಕಾಲ ಮತ್ತೆಮತ್ತೆ ಬರುತ್ತದೆ, ವಿನಂತಿಯಲ್ಲಿ ‘ಕುಡ್’, ‘ವುಡ್’ಗಳಂಥ ಸಹಾಯಕ ಕ್ರಿಯಾಪದಗಳು, ಸಮಯ ಸೂಚಿಸುವಲ್ಲಿ ‘ಆನ್’, ‘ಆಟ್’, ‘ಬೈ’ಗಳು. ಕನ್ನಡದ ಮಕ್ಕಳು ಎಡವುವ ಜಾಗಗಳೂ ಇವೇ. ಶುಕ್ರವಾರದೊಳಗೆ ಹೆಸರು ಕೊಡಬೇಕು ಎಂಬುದನ್ನು ‘ವಿದಿನ್ ಫ್ರೈಡೇ’ ಎಂದೋ ‘ಆನ್ ಫ್ರೈಡೇ’ ಎಂದೋ ಬರೆದಾಗ ಮೊದಲನೆಯದು ಅಸಹಜ ಇಂಗ್ಲಿಷು, ಎರಡನೆಯದು ಓದುಗನನ್ನೇ ತಪ್ಪು ದಿನಕ್ಕೆ ಕಳಿಸುವ ಸೂಚನೆ. ಗೌರವದ ವಿಷಯವೂ ಹಾಗೆಯೇ. ಕನ್ನಡದಲ್ಲಿ ಅದು ತಾವು, ನೀವು ಎಂಬ ಸರ್ವನಾಮಗಳಲ್ಲೂ ಕ್ರಿಯಾಪದದ ಬಹುವಚನದಲ್ಲೂ ತಾನಾಗಿ ನೆಲೆಸಿರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ವಾಕ್ಯದ ರಚನೆಯೇ ಹೊರಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ವಿದ್ಯಾರ್ಥಿ ಆಜ್ಞೆಯಂಥ ವಾಕ್ಯ ಬರೆದು ಅದರ ಮುಂದೊಂದು ‘ಕೈಂಡ್ಲಿ’ ಅಂಟಿಸಿ ವಿನಯ ಮುಗಿಯಿತು ಎಂದುಕೊಳ್ಳುತ್ತಾನೆ. ವ್ಯಾಕರಣವನ್ನು ಬಿಡಿ ವಾಕ್ಯಗಳಲ್ಲಿ ಕಲಿತಾಗ ತಪ್ಪು ಬರೀ ತಪ್ಪಾಗಿರುತ್ತದೆ. ಕಿರುಬರಹದಲ್ಲಿ ಅದಕ್ಕೆ ಪರಿಣಾಮವೂ ಇರುತ್ತದೆ. ಹೀಗಾಗಿ ವ್ಯಾಕರಣ ಕಲಿಸಲೂ ಇದು ಒಳ್ಳೆಯ ಜಾಗ.

ಹಿನ್ನೆಲೆ

ಭಾರತದಲ್ಲಿ ಇಂಗ್ಲಿಷ್ ಕಲಿಕೆ ಕಚೇರಿಯ ಬರವಣಿಗೆಯೊಂದಿಗೆ ಮೊದಲಿನಿಂದಲೂ ಹೆಣೆದುಕೊಂಡಿದೆ. ವಸಾಹತು ಆಡಳಿತಕ್ಕೆ ಪತ್ರ, ಟಿಪ್ಪಣಿ, ಮನವಿಗಳನ್ನು ಬರೆಯಬಲ್ಲ ಗುಮಾಸ್ತರು ಬೇಕಿತ್ತು. ಸರ್ಕಾರಿ ನೌಕರಿ ಬಯಸಿದವರಿಗೆ ಆ ಬರವಣಿಗೆಯ ನಮೂನೆಗಳು ಬೇಕಿದ್ದವು. ರೆನ್ ಮತ್ತು ಮಾರ್ಟಿನ್ ಅವರ ಹೆಸರಾಂತ ಪ್ರೌಢಶಾಲಾ ವ್ಯಾಕರಣದಂಥ ಪುಸ್ತಕಗಳಲ್ಲಿ ಪತ್ರಲೇಖನಕ್ಕೆ ಪ್ರತ್ಯೇಕ ಭಾಗವೇ ಇದ್ದು, ಮಾದರಿ ಪತ್ರಗಳನ್ನು ನೋಡಿ ಬರೆಯುವ ಪದ್ಧತಿ ತಲೆಮಾರುಗಳವರೆಗೆ ನಡೆದುಬಂತು. ಇಂದಿಗೂ ವಿದ್ಯಾರ್ಥಿಗಳ ಪತ್ರಗಳಲ್ಲಿ ಕಾಣುವ ‘ಯುವರ್ಸ್ ಒಬೀಡಿಯೆಂಟ್ಲಿ’, ‘ಡು ದ ನೀಡ್‌ಫುಲ್’ಗಳು ಆ ಕಚೇರಿಯ ಗಾಳಿಯಲ್ಲೇ ಉಸಿರಾಡುವಂಥವು. ಸ್ವಾತಂತ್ರ್ಯಾನಂತರ, 1950 ಮತ್ತು 60ರ ದಶಕಗಳಲ್ಲಿ, ವಾಕ್ಯರಚನೆಗಳನ್ನು ಕ್ರಮವಾಗಿ ಜೋಡಿಸಿ ಕಲಿಸುವ ವಿಧಾನ ಹಬ್ಬಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿದ್ದು ಇದೇ ಕಾಲದಲ್ಲಿ. ಆ ವಿಧಾನದಲ್ಲಿ ಬರವಣಿಗೆಯೆಂದರೆ ಕಲಿತ ರಚನೆಯನ್ನು ತಪ್ಪಿಲ್ಲದೆ ಮತ್ತೆ ಬರೆಯುವುದು. ಅದನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ.

1970ರ ದಶಕದಲ್ಲಿ ಆ ಪ್ರಶ್ನೆ ಮುನ್ನೆಲೆಗೆ ಬಂತು. ವ್ಯಾಕರಣ ಬಲ್ಲವನು ಎಲ್ಲಿ, ಯಾರಿಗೆ, ಏನು ಹೇಳಬೇಕೆಂದೂ ಬಲ್ಲವನಾಗಿರಬೇಕು ಎಂಬ ಡೆಲ್ ಹೈಮ್ಸ್ ಅವರ ಸಂವಹನ ಸಾಮರ್ಥ್ಯದ ಪರಿಕಲ್ಪನೆ, ಯುರೋಪ್ ಪರಿಷತ್ತಿಗಾಗಿ 1975ರಲ್ಲಿ ಸಿದ್ಧವಾದ ‘ಥ್ರೆಶೋಲ್ಡ್ ಲೆವೆಲ್’, ಡಿ. ಎ. ವಿಲ್ಕಿನ್ಸ್ ಅವರ 1976ರ ಪಠ್ಯಕ್ರಮ ಚಿಂತನೆ, ಹೆನ್ರಿ ವಿಡೋಸನ್ ಅವರ 1978ರ ಪುಸ್ತಕ ಇವೆಲ್ಲ ಸೇರಿ ವಿನಂತಿ, ಕ್ಷಮೆ, ಆಹ್ವಾನ, ದೂರು ಮುಂತಾದ ಭಾಷಿಕ ಕ್ರಿಯೆಗಳನ್ನು ಪಾಠದ ಘಟಕಗಳನ್ನಾಗಿ ಮಾಡಿದವು. ದಕ್ಷಿಣ ಭಾರತದಲ್ಲಿ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ‘ಬೆಂಗಳೂರು ಯೋಜನೆ’ ಎಂದೇ ಲೋಕಕ್ಕೆ ಪರಿಚಿತವಾದ ಅದರಲ್ಲಿ ಮಕ್ಕಳು ವೇಳಾಪಟ್ಟಿ, ನಕ್ಷೆಗಳಂಥ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಸಮಸ್ಯೆ ಬಿಡಿಸುತ್ತಿದ್ದರು. ಅರ್ಥಕ್ಕಾಗಿ ಹೆಣಗುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬುದು ಅಲ್ಲಿನ ನಂಬಿಕೆ. ಬರವಣಿಗೆ ಅದರ ಮುಖ್ಯ ಗುರಿಯಾಗಿರಲಿಲ್ಲ. ಆದರೂ ಚಟುವಟಿಕೆಯಲ್ಲಿ ಒಂದು ಬಗೆಹರಿಯದ ಪ್ರಶ್ನೆ ಇರಬೇಕೆಂಬ ಅದರ ತತ್ತ್ವ ಕಿರುಬರಹಕ್ಕೆ ನೇರವಾಗಿ ಸಲ್ಲುತ್ತದೆ. 1990ರ ದಶಕದ ಮೊದಲ ಭಾಗದಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ, 9 ಮತ್ತು 10ನೆಯ ತರಗತಿಗಳಿಗೆ ‘ಇಂಟರಾಕ್ಟ್ ಇನ್ ಇಂಗ್ಲಿಷ್’ ಮಾಲೆಯನ್ನು ತಂದು ಈ ಸಂವಹನ ದೃಷ್ಟಿಯನ್ನು ದೊಡ್ಡ ಪ್ರಮಾಣದಲ್ಲಿ ಶಾಲೆಗಳಿಗೆ ಒಯ್ದಿತು.

ಪರೀಕ್ಷೆಗಳಲ್ಲಿ ಸ್ಥಾನ

ತರಗತಿಯ ಅಭ್ಯಾಸದ ಸ್ವರೂಪವನ್ನು ಕೊನೆಗೆ ನಿರ್ಧರಿಸುವುದು ಪರೀಕ್ಷೆ. ಈಚಿನ ವರ್ಷಗಳ ಸಿಬಿಎಸ್‌ಇ 12ನೆಯ ತರಗತಿಯ ಇಂಗ್ಲಿಷ್ ಕೋರ್ ಪತ್ರಿಕೆಯ 80 ಅಂಕಗಳಲ್ಲಿ 18 ಅಂಕ ಬರವಣಿಗೆಗಿದೆ: ಸುಮಾರು 50 ಪದಗಳ ನೋಟಿಸಿಗೆ 4, ಅಷ್ಟೇ ಅಳತೆಯ ಆಹ್ವಾನ ಅಥವಾ ಅದರ ಉತ್ತರಕ್ಕೆ 4, 120ರಿಂದ 150 ಪದಗಳ ಪತ್ರಕ್ಕೆ 5, ಲೇಖನ ಅಥವಾ ವರದಿಗೆ 5. ಕರ್ನಾಟಕದ ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷೆ ಇಂಗ್ಲಿಷಿನ 80 ಅಂಕಗಳ ಪತ್ರಿಕೆಯಲ್ಲೂ ಪತ್ರಲೇಖನಕ್ಕೆ 5 ಅಂಕವಿದೆ. ಕೊಟ್ಟ ಅಂಶಗಳಿಂದ ವ್ಯಕ್ತಿಪರಿಚಯ ಬರೆಯುವ ಪ್ರಶ್ನೆಯೂ ಇರುತ್ತದೆ. ಇಂತಹ ಊರಿನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ ನೀವೆಂದು ಭಾವಿಸಿಕೊಂಡು ಬರೆಯಿರಿ ಎಂಬ ಸೂಚನೆ ಎಲ್ಲರಿಗೂ ಬಾಯಿಪಾಠ. ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲೂ ಈ ಪ್ರಕಾರಕ್ಕೆ ಮನ್ನಣೆಯಿದೆ. ಕೇಂಬ್ರಿಜ್‌ನ ಎ2 ಕೀ ಪರೀಕ್ಷೆ ಮೂರು ಅಂಶಗಳನ್ನು ಕೊಟ್ಟು 25 ಪದ ಅಥವಾ ಅದಕ್ಕಿಂತ ಹೆಚ್ಚಿನ ಸಂದೇಶ ಕೇಳುತ್ತದೆ; ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್‌ನ ಮೊದಲ ಬರಹ ಕನಿಷ್ಠ 150 ಪದಗಳ ಪತ್ರ. ವಿದೇಶಕ್ಕೆ ವಲಸೆ ಹೋಗಬಯಸುವ ಕನ್ನಡಿಗರಲ್ಲಿ ಅನೇಕರು ಈ ಪತ್ರವನ್ನು ಬರೆದೇ ಮುಂದೆ ಹೋಗಬೇಕಾಗುತ್ತದೆ.

ಎರಡು ಬಗೆಯ ಪರೀಕ್ಷೆಗಳ ನಡುವೆ ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು. ನಮ್ಮ ಮಂಡಳಿಗಳ ಅಂಕವಿಂಗಡಣೆಯಲ್ಲಿ ಚೌಕಟ್ಟಿಗೆ, ಅಂದರೆ ವಿಳಾಸ, ತಾರೀಖು, ವಿಷಯ, ಸಂಬೋಧನೆ, ಸಹಿಗಳ ಸ್ಥಾನಕ್ಕೆ, ಪ್ರತ್ಯೇಕ ಅಂಕ ಮೀಸಲಿಡುವುದು ರೂಢಿ. ಕೇಂಬ್ರಿಜ್‌ನ ಬಿ1 ಪರೀಕ್ಷೆಯಲ್ಲಿ ವಿಷಯ, ಜೋಡಣೆ, ಭಾಷೆಗಳ ಜೊತೆಗೆ ಸಂವಹನದ ಸಾಧನೆ ಎಂಬ ಮಾನದಂಡವಿದೆ. ಬರಹದ ದನಿ ಓದುಗನಿಗೂ ಸಂದರ್ಭಕ್ಕೂ ಒಪ್ಪುತ್ತದೆಯೇ ಎಂದು ಅದು ನೋಡುತ್ತದೆ. ಐಇಎಲ್‌ಟಿಎಸ್ ಕೂಡ ಪತ್ರದ ದನಿ ಮೊದಲಿನಿಂದ ಕೊನೆಯವರೆಗೆ ಹೊಂದಿಕೊಂಡಿದೆಯೇ ಎಂದು ಗಮನಿಸುತ್ತದೆ. ಚೌಕಟ್ಟಿನ ಅಂಕವನ್ನು ಕಂಠಪಾಠದಿಂದ ಗಳಿಸಬಹುದು. ದನಿಯ ಅಂಕವನ್ನು ಗಳಿಸಲಾಗದು. ಶಿಕ್ಷಕರ ಸಮಯವೂ ಮಕ್ಕಳ ಶ್ರಮವೂ ಖಚಿತವಾಗಿ ಸಿಗುವ ಅಂಕದ ಕಡೆಗೆ ಹರಿಯುವುದು ಸಹಜ. ‘ಫ್ರಮ್’ ಎಡಗಡೆಗೋ ಬಲಗಡೆಗೋ, ‘ಥ್ಯಾಂಕಿಂಗ್ ಯು’ ನಂತರ ಅಲ್ಪವಿರಾಮ ಬೇಕೇ ಎಂಬ ಚರ್ಚೆಗೆ ಸಿಗುವಷ್ಟು ಹೊತ್ತು ಪತ್ರದ ಎರಡನೆಯ ಪ್ಯಾರಾದಲ್ಲಿ ಏನಿರಬೇಕು ಎಂಬುದಕ್ಕೆ ಸಿಗದಿರಲು ಇದೇ ಕಾರಣ.

ಸಾಕ್ಷ್ಯ ಏನು ಹೇಳುತ್ತದೆ

ಅಭ್ಯಾಸ ಮಾಡಿದ್ದನ್ನೇ ಮಕ್ಕಳು ಕಲಿಯುತ್ತಾರೆ ಎಂಬುದಕ್ಕೆ ಬೆಂಗಳೂರು ಯೋಜನೆಯ ಮೌಲ್ಯಮಾಪನವೇ ಒಂದು ಸಾಕ್ಷಿ. ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ವರದಿಯಂತೆ, ರಚನೆಗಳನ್ನು ಅಭ್ಯಾಸ ಮಾಡಿದ ತರಗತಿಗಳು ರಚನೆಯ ಪರೀಕ್ಷೆಯಲ್ಲೂ, ಸಮಸ್ಯೆಗಳನ್ನು ಬಿಡಿಸಿದ ತರಗತಿಗಳು ಅಂಥದೇ ಚಟುವಟಿಕೆಯ ಪರೀಕ್ಷೆಯಲ್ಲೂ ಮೇಲುಗೈ ಪಡೆದವು. ಎರಡೂ ಕಡೆಗೆ ಸಲ್ಲುವ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಭು ಅವರ ವಿಧಾನಕ್ಕೆ ಅನುಕೂಲವಾದ ಫಲಿತಾಂಶ ಕಂಡಿತು. ಶಾಲೆಗಳ ಪರಿಸ್ಥಿತಿಯಲ್ಲಿ ನಡೆದ ಚಿಕ್ಕ ಪ್ರಯೋಗವಾದ್ದರಿಂದ ಅದನ್ನು ಅಂತಿಮ ತೀರ್ಪು ಎನ್ನಲಾಗದು. ಬರವಣಿಗೆಯ ಬಗ್ಗೆಯೇ ಇರುವ ಇನ್ನೊಂದು ಸಾಕ್ಷ್ಯ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಅಮೆರಿಕದ ಕಾರ್ನೆಗಿ ಕಾರ್ಪೊರೇಶನ್‌ಗಾಗಿ ಸಿದ್ಧಪಡಿಸಿದ ‘ರೈಟಿಂಗ್ ನೆಕ್ಸ್ಟ್’ ವರದಿ. 4ರಿಂದ 12ನೆಯ ತರಗತಿಗಳ ಮಕ್ಕಳ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ ಮಾದರಿಗಳನ್ನು ನೋಡಿ ಬರೆಯುವುದರ ಪರಿಣಾಮ 0.25ರಷ್ಟಿತ್ತು, ಬರಹ ಏನನ್ನು ಸಾಧಿಸಬೇಕೆಂಬ ಸ್ಪಷ್ಟ ಗುರಿ ಕೊಟ್ಟಾಗ ಅದು 0.70ಕ್ಕೆ ಏರಿತ್ತು; ಜೊತೆಗಾರರೊಂದಿಗೆ ಸೇರಿ ಯೋಜಿಸಿ ತಿದ್ದಿ ಬರೆದಾಗ 0.75. ಇವು ಹೆಚ್ಚಾಗಿ ಇಂಗ್ಲಿಷೇ ಪರಿಸರದ ಭಾಷೆಯಾಗಿರುವ ಶಾಲೆಗಳ ಅಂಕಿಗಳು. ಹಾಸನದ ಅಥವಾ ಯಾದಗಿರಿಯ ಕನ್ನಡ ಮಾಧ್ಯಮದ ತರಗತಿಗೆ ಈ ಅಳತೆ ಹಾಗೇ ಹೊಂದದು. ಆದರೆ ಅವು ತೋರುವ ದಿಕ್ಕು ಸ್ಪಷ್ಟವಾಗಿದೆ. ಮಾದರಿ ಬೇಕು, ಅದೊಂದೇ ಸಾಲದು. ಯಾರಿಗಾಗಿ, ಯಾವ ಕೆಲಸಕ್ಕಾಗಿ ಎಂಬ ಗುರಿ ಸೇರಿದಾಗಲೇ ಬರಹ ಸುಧಾರಿಸುತ್ತದೆ.

ಅಭ್ಯಾಸದ ವಿಧಾನ

ಹೀಗೆ ನೋಡಿದರೆ ಒಳ್ಳೆಯ ಅಭ್ಯಾಸದ ಮೊದಲ ಲಕ್ಷಣ, ಅದರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಮಾಹಿತಿ ಇರುವುದು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಪ್ರವಾಸದ ನೋಟಿಸು ಬರೆಯಬೇಕಿದ್ದರೆ ಹತ್ತು ಸಂಗತಿಗಳನ್ನು ಕೊಡಬಹುದು: ತಾರೀಖು, ಹೊರಡುವ ಸಮಯ, ಶುಲ್ಕ, ಹೆಸರು ಕೊಡಲು ಕೊನೆಯ ದಿನ, ಯಾರಿಗೆ ಕೊಡಬೇಕು, ಊಟದ ವ್ಯವಸ್ಥೆ, ಬಸ್ಸಿನ ಬಣ್ಣ, ಕಳೆದ ವರ್ಷ ಹೋದ ಜಾಗ, ಸಂಗ್ರಹಾಲಯಕ್ಕೆ ಹೆಸರು ಬಂದದ್ದು ಯಾರಿಂದ, ಮುಖ್ಯೋಪಾಧ್ಯಾಯರ ಇಷ್ಟದ ವಿಭಾಗ ಯಾವುದು. ಐವತ್ತು ಪದಗಳಲ್ಲಿ ಯಾವುದು ಉಳಿಯಬೇಕು ಎಂಬ ವಾದ ತರಗತಿಯಲ್ಲಿ ನಡೆಯಲಿ, ಅದು ಕನ್ನಡದಲ್ಲೇ ನಡೆದರೂ ಅಡ್ಡಿಯಿಲ್ಲ. ಎರಡನೆಯ ಲಕ್ಷಣ, ಒಂದೇ ಸಂಗತಿಯನ್ನು ಓದುಗ ಬದಲಾದಂತೆ ಮತ್ತೆ ಬರೆಯುವುದು. ಐದು ಬೇರೆಬೇರೆ ವಿಷಯಗಳ ಮೇಲೆ ಐದು ಪತ್ರ ಬರೆದಾಗ ವಿದ್ಯಾರ್ಥಿ ಚೌಕಟ್ಟನ್ನು ಐದು ಸಲ ನಕಲಿಸುತ್ತಾನೆ; ಒಂದೇ ವಿಷಯವನ್ನು ಮೂವರಿಗೆ ಬರೆದಾಗ ಮೂರು ಸಲ ಯೋಚಿಸುತ್ತಾನೆ.

ಮೂರನೆಯದು, ಬರಹಕ್ಕೆ ನಿಜವಾದ ಓದುಗ ದೊರೆಯುವುದು. ಒಂದು ಸಾಲಿನವರು ಬರೆದ ನೋಟಿಸನ್ನು ಇನ್ನೊಂದು ಸಾಲಿನವರು ಓದಿ, ಅದರಿಂದ ತಿಳಿದಷ್ಟನ್ನೇ ಆಧರಿಸಿ ತಾವೇನು ಮಾಡುತ್ತೇವೆಂದು ಹೇಳಲಿ. ಜಾಗ ಬರೆಯದೆ ಬಿಟ್ಟವನಿಗೆ ತನ್ನ ಕೊರತೆ ಕೆಂಪು ಶಾಯಿಗಿಂತ ಮೊದಲೇ ಗೊತ್ತಾಗುತ್ತದೆ. ನಾಲ್ಕನೆಯದು, ಅದೇ ಬರಹವನ್ನು ಇನ್ನೊಮ್ಮೆ ಬರೆಯುವುದು. ಕಿರುಬರಹದ ದೊಡ್ಡ ಅನುಕೂಲ ಇಲ್ಲಿದೆ: ಪ್ರಬಂಧವನ್ನು ಒಂದು ಪೀರಿಯಡ್ಡಿನಲ್ಲಿ ಬರೆದು, ತಿದ್ದಿ, ಮತ್ತೆ ಬರೆಯುವುದು ಅಸಾಧ್ಯ, ಐವತ್ತು ಪದಗಳನ್ನು ಸಾಧ್ಯ. ಆಸ್ಟ್ರೇಲಿಯಾದಲ್ಲಿ ಜೆ. ಆರ್. ಮಾರ್ಟಿನ್, ಜೋನ್ ರೋದರಿ ಮೊದಲಾದವರು ರೂಪಿಸಿದ ಪ್ರಕಾರಾಧಾರಿತ ವಿಧಾನದಲ್ಲಿ ಮೊದಲು ಮಾದರಿಯನ್ನು ಬಿಡಿಸಿ ನೋಡುತ್ತಾರೆ, ಆಮೇಲೆ ಶಿಕ್ಷಕರೂ ಮಕ್ಕಳೂ ಸೇರಿ ಕರಿಹಲಗೆಯ ಮೇಲೆ ಒಂದನ್ನು ಕಟ್ಟುತ್ತಾರೆ, ಕೊನೆಗೆ ಮಕ್ಕಳು ಒಬ್ಬೊಬ್ಬರೇ ಬರೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ನಡುವಿನ ಹಂತ. ಮಾದರಿಯಿಂದ ನೇರವಾಗಿ ಪರೀಕ್ಷೆಗೆ ಜಿಗಿಯುವ ಕಡೆ ಕಂಠಪಾಠ ಆ ಜಾಗವನ್ನು ತುಂಬಿಕೊಳ್ಳುತ್ತದೆ.

ಆಕ್ಷೇಪಗಳು

ಇದಕ್ಕೆ ಬರುವ ಮೊದಲ ಆಕ್ಷೇಪ, ಇಂಗ್ಲಿಷಿನ ಎರಡು ವಾಕ್ಯ ಕೂಡಿಸಲು ಕಷ್ಟಪಡುವ ಮಗುವಿಗೆ ಚೌಕಟ್ಟೇ ಊರುಗೋಲು, ಅದನ್ನೂ ಕಿತ್ತುಕೊಂಡರೆ ಸಿಗುವ ಒಂದೆರಡು ಅಂಕವೂ ಹೋಗುತ್ತದೆ ಎಂಬುದು. ಇದರಲ್ಲಿ ತೂಕವಿದೆ, ಚೌಕಟ್ಟನ್ನು ಬಿಡಬೇಕೆಂದು ಯಾರೂ ಹೇಳಬೇಕಿಲ್ಲ. ಕನ್ನಡ ಪತ್ರಲೇಖನದಲ್ಲಿ ಇವರಿಂದ, ಇವರಿಗೆ, ಮಾನ್ಯರೇ, ವಿಷಯ ಎಂಬ ಕ್ರಮವನ್ನು ಕಲಿತ ಮಗುವಿಗೆ ಇಂಗ್ಲಿಷಿನ ಚೌಕಟ್ಟು ಹೊಸದೂ ಅಲ್ಲ. ಎರಡು ಪೀರಿಯಡ್ಡುಗಳಲ್ಲಿ ಅದು ಮುಗಿಯಬೇಕಾದ ಪಾಠ. ಅದನ್ನೇ ಮೂರು ವರ್ಷ ಎಳೆದಾಗ ಆಸರೆಯೇ ಅಡ್ಡಿಯಾಗುತ್ತದೆ. ಭಾಷೆಯ ದಾರಿದ್ರ್ಯಕ್ಕೆ ಮದ್ದು ಹೆಚ್ಚು ಓದು, ಹೆಚ್ಚು ಕೇಳ್ಮೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಅಂಗವಾಗಿ ಬಂದ ಇಂಗ್ಲಿಷ್ ಬೋಧನೆಯ ನಿಲುವುಪತ್ರ ಒತ್ತಿಹೇಳಿದ್ದೂ ಭಾಷೆ ಧಾರಾಳವಾಗಿ ಕಿವಿಗೆ, ಕಣ್ಣಿಗೆ ಬೀಳುವ ಪರಿಸರವನ್ನೇ. ನಿಜವಾದ ನೋಟಿಸು, ಟಿಕೆಟ್ಟು, ಕರಪತ್ರಗಳನ್ನು ಓದಿಸುವುದು ಅಂಥ ಪರಿಸರ ಕಟ್ಟುವ ಅಗ್ಗದ ದಾರಿ.

ಎರಡನೆಯ ಆಕ್ಷೇಪ ತಿದ್ದುವ ಹೊರೆಯದು. ಅರವತ್ತು ಮಕ್ಕಳ ತರಗತಿಯಲ್ಲಿ ವಾರಕ್ಕೊಂದು ಬರಹವೆಂದರೆ ಶಿಕ್ಷಕರು ಅದರಲ್ಲೇ ಮುಳುಗಬೇಕು. ಪ್ರತಿ ತಪ್ಪನ್ನೂ ತಿದ್ದಲೇಬೇಕು ಎಂಬ ಊಹೆಯ ಮೇಲೆ ಈ ಆಕ್ಷೇಪ ನಿಂತಿದೆ. ಜಾನ್ ಟ್ರಸ್ಕಾಟ್ 1996ರಲ್ಲಿ ವ್ಯಾಕರಣದ ತಿದ್ದುಪಡಿಯಿಂದ ಬರವಣಿಗೆ ಸುಧಾರಿಸುವುದಿಲ್ಲ ಎಂದು ವಾದಿಸಿದರು. 1999ರಲ್ಲಿ ಡಾನಾ ಫೆರಿಸ್ ಅದನ್ನು ಒಪ್ಪದೆ, ಆಯ್ದು ಸ್ಪಷ್ಟವಾಗಿ ತಿದ್ದಿದರೆ ಪ್ರಯೋಜನವಿದೆ ಎಂದರು. ಎಲ್ಲವನ್ನೂ ಕೆಂಪಾಗಿಸುವುದನ್ನು ಈ ಇಬ್ಬರಲ್ಲಿ ಯಾರೂ ಸಮರ್ಥಿಸಲಿಲ್ಲ. ಒಂದು ವಾರ ಸಮಯಸೂಚಕಗಳನ್ನು ಮಾತ್ರ, ಇನ್ನೊಂದು ವಾರ ವಿನಂತಿಯ ದನಿಯನ್ನು ಮಾತ್ರ ನೋಡಿ, ಮಾಹಿತಿಯ ಪೂರ್ಣತೆಯನ್ನು ಮಕ್ಕಳೇ ಪರಸ್ಪರ ಪರೀಕ್ಷಿಸುವಂತೆ ಮಾಡಿದರೆ ಹೊರೆ ಹೊರಬಲ್ಲಷ್ಟಕ್ಕೆ ಇಳಿಯುತ್ತದೆ.

ಪತ್ರದ ಕಾಲವೇ ಮುಗಿಯಿತು, ವಾಟ್ಸ್‌ಆ್ಯಪ್ ಇದೆ, ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣದಲ್ಲಿ ಅರ್ಜಿ ಬರೆದುಕೊಡುತ್ತವೆ ಎಂಬುದು ಈಚಿನ ಆಕ್ಷೇಪ. ಚೌಕಟ್ಟನ್ನೇ ಕಲಿಸುವ ಪಾಠಕ್ಕೆ ಇದು ಮಾರಕ ಏಟು, ಏಕೆಂದರೆ ಯಂತ್ರ ಅದನ್ನು ನಮಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಯಾರಿಗೆ ಬರೆಯಬೇಕು, ಯಾವ ಸಂಗತಿಯನ್ನು ತಿಳಿಸಬೇಕು, ಬಂದ ಕರಡಿನಲ್ಲಿ ಯಾವ ವಾಕ್ಯ ಸುಳ್ಳು, ಯಾವುದು ಅತಿವಿನಯ ಎಂದು ಹೇಳಬೇಕಾದವನು ಬರಹಗಾರನೇ. ಆಯ್ಕೆಯನ್ನು ಕಲಿತವನಿಗೆ ಯಂತ್ರ ಸಹಾಯಕ. ಕಲಿಯದವನು ಅದು ಬರೆದದ್ದಕ್ಕೆ ಸಹಿ ಹಾಕುವವನು. ಕೊನೆಯ ಆಕ್ಷೇಪ ಸಾಹಿತ್ಯಾಸಕ್ತರದು: ನೋಟಿಸು, ಅರ್ಜಿಗಳಿಂದ ಭಾಷಾಶಿಕ್ಷಣ ಗುಮಾಸ್ತಿಕೆಗೆ ಇಳಿಯುತ್ತದೆ, ಅದೂ ಆಡಳಿತ ಕನ್ನಡದಲ್ಲಿ ನಡೆಯಬೇಕಾದ ನಾಡಿನಲ್ಲಿ. ಪಂಚಾಯಿತಿಗೆ, ತಹಶೀಲ್ದಾರರಿಗೆ ಕನ್ನಡದಲ್ಲೇ ಬರೆಯಬೇಕು, ಸರಿ. ಆದರೆ ಹೊರರಾಜ್ಯದ ಕಾಲೇಜು, ಕಂಪನಿಯ ಉದ್ಯೋಗ ವಿಭಾಗ, ವಿಮಾನಯಾನ ಸಂಸ್ಥೆಯ ಗ್ರಾಹಕ ಸೇವೆ ಇವುಗಳ ಮುಂದೆ ಇಂಗ್ಲಿಷಿನ ಮೂರು ಸ್ಪಷ್ಟ ವಾಕ್ಯ ಬರೆಯಲಾಗದವನು ಮಧ್ಯವರ್ತಿಗೆ ದುಡ್ಡು ತೆರುತ್ತಾನೆ. ಇಂಗ್ಲಿಷ್ ಮನೆಮಾತಾಗಿರುವ ಮಗುವಿಗೆ ಈ ಪಾಠ ತಪ್ಪಿದರೂ ನಡೆದೀತು, ಮೊದಲ ತಲೆಮಾರಿನ ಓದುಗನಿಗೆ ಶಾಲೆಯ ಹೊರಗೆ ಇದನ್ನು ಕಲಿಸುವವರಿಲ್ಲ. ಅನಗತ್ಯವನ್ನು ಬಿಟ್ಟು ಅಗತ್ಯವನ್ನು ಉಳಿಸುವ ಈ ಶಿಸ್ತು ಸಾಹಿತ್ಯದ ಓದಿಗೂ ವಿರೋಧಿಯಲ್ಲ.

ಸಮಾಲೋಚನೆ

ವ್ಯಾವಹಾರಿಕ ಕಿರುಬರಹಕ್ಕೆ ಪಠ್ಯಕ್ರಮದಲ್ಲಿ ಜಾಗ ಸಿಕ್ಕಿ ದಶಕಗಳಾದವು. ಅದರ ಉದ್ದೇಶಕ್ಕೆ ಅಂಕಪಟ್ಟಿಯಲ್ಲಿ ಜಾಗ ಸಿಗುವುದು ಬಾಕಿಯಿದೆ. ಇದಕ್ಕೆ ಹೊಸ ಪುಸ್ತಕವಾಗಲಿ ಹೆಚ್ಚಿನ ಖರ್ಚಾಗಲಿ ಬೇಡ. ಪರೀಕ್ಷಾ ಮಂಡಳಿಗಳು ಚೌಕಟ್ಟಿನ ಒಂದು ಅಂಕವನ್ನು ಓದುಗನಿಗೆ ಬೇಕಾದ ಮಾಹಿತಿಯೆಲ್ಲ ಸರಿಯಾದ ದನಿಯಲ್ಲಿ ಬಂದಿದೆಯೇ ಎಂಬುದಕ್ಕೆ ವರ್ಗಾಯಿಸಲಿ, ಪ್ರಶ್ನೆಯಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸಂಗತಿಗಳನ್ನು ಕೊಟ್ಟು ಆಯ್ಕೆ ಮಾಡಿಸಲಿ. ಪರೀಕ್ಷೆ ಅಷ್ಟು ಬದಲಾದರೆ ತರಗತಿಯ ಅಭ್ಯಾಸವೂ ಅದರ ಹಿಂದೆಯೇ ಬದಲಾಗುತ್ತದೆ.